ನರವೇದನೆಯೂ ಔಷಧವಿವೇಕವೂ

"ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ" ಎಂಬುದು ಕನ್ನಡಿಗರೆಲ್ಲರ ಬಾಯಲ್ಲಿಯೂ ಇರುವ ಗಾದೆ. ಬಯಕೆಯೂ ಹಿತವೂ ಒಂದೇ ಕಡೆಗೆ ಮುಖಮಾಡಿ ನಿಲ್ಲುವ ಭಾಗ್ಯವನ್ನು ಅದು ಹೇಳುತ್ತದೆ. ಅಂಥ ಭಾಗ್ಯವು ಅಪರೂಪವಾದುದರಿಂದಲೇ ಅದು ಗಾದೆಯಾಗಿ ನಿಂತಿತೆಂದು ತೋರುತ್ತದೆ. ಸಾಮಾನ್ಯವಾಗಿ ರೋಗಿಯು ಬಯಸುವುದೊಂದು, ವೈದ್ಯನು ವಿಧಿಸುವುದೊಂದು, ಔಷಧವು ತನ್ನ ಸ್ವಭಾವಕ್ಕನುಸಾರವಾಗಿ ಮಾಡುವುದು ಮತ್ತೊಂದು. ಈ ಮೂರರ ಅಂತರವು ಬಹು ಕಠಿನವಾಗಿ ಕಾಣಿಸಿಕೊಳ್ಳುವ ವ್ಯಾಧಿಗಳಲ್ಲಿ, ವರ್ಷಗಟ್ಟಲೆ ಬಿಡದೆ ಕಾಡುವ ನರವೇದನೆಯೂ ಒಂದು. ಇಲ್ಲಿ ಔಷಧವಿಲ್ಲದೆ ಬಾಳುವುದೂ ಕಷ್ಟ, ಔಷಧದೊಡನೆ ಬಾಳುವುದೂ ಕಷ್ಟ. ಇವೆರಡು ಕಷ್ಟಗಳಲ್ಲಿ ಯಾವುದನ್ನು ಆರಿಸಿಕೊಳ್ಳತಕ್ಕದ್ದು, ಆರಿಸತಕ್ಕವರು ಯಾರು ಎಂಬುದು ಮೇಲುನೋಟಕ್ಕೆ ವೈದ್ಯಶಾಸ್ತ್ರದ ಪ್ರಶ್ನೆಯಾಗಿ ಕಂಡರೂ ವಾಸ್ತವವಾಗಿ ಧರ್ಮವಿವೇಚನೆಗೆ ಸೇರಿದ ಪ್ರಶ್ನೆ. ಏಕೆಂದರೆ ಇಲ್ಲಿ ತೂಗಬೇಕಾದುದು ಬರಿಯ ಮದ್ದಿನ ಗುಣದೋಷಗಳಲ್ಲ. ಒಬ್ಬ ಮನುಷ್ಯನು ತನ್ನ ಬಾಳಿನಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬಹುದು ಎಂಬುದು.

ನೋವೆಂಬುದು ಸ್ವಭಾವತಃ ಶತ್ರುವಲ್ಲ. ಬೆರಳು ಕೆಂಡಕ್ಕೆ ತಗಲಿದರೆ ಬುದ್ಧಿಯು ವಿಚಾರಮಾಡುವುದಕ್ಕೆ ಮೊದಲೇ ಕೈ ಹಿಂದಕ್ಕೆ ಬರುತ್ತದೆ. ಮುರಿದ ಕಾಲನ್ನು ಊರದಂತೆ ನೋವೇ ತಡೆಯುತ್ತದೆ. ಮನೆಯ ಕಾವಲುಗಾರನ ಕೂಗಿನಂತೆ ಅದು ಉಪಕಾರಿಯಾದುದು. ಆದರೆ ನರಗಳೇ ಕೆಟ್ಟುಹೋದಾಗ ಹುಟ್ಟುವ ನೋವು ಬೇರೆ ಜಾತಿಯದು. ಅಲ್ಲಿ ಕೆಂಡವಿಲ್ಲ, ಮುಳ್ಳಿಲ್ಲ. ಸುದ್ದಿಯನ್ನು ಮುಟ್ಟಿಸತಕ್ಕ ನರವು ತಾನೇ ಕೆಟ್ಟು, ಇಲ್ಲದ ಸುದ್ದಿಯನ್ನು ಹಗಲಿರುಳೂ ಮಿದುಳಿಗೆ ಕಳುಹಿಸುತ್ತಿರುತ್ತದೆ. ಕಳ್ಳನಿಲ್ಲದ ಊರಿನಲ್ಲಿ ಕಾವಲುಗಾರನು ಮತಿಗೆಟ್ಟು ರಾತ್ರಿಯೆಲ್ಲ ಕೂಗಿದಂತೆ ಇದರ ರೀತಿ. ಸರ್ಪಸುತ್ತಿನ ಗುಳ್ಳೆಗಳು ಒಣಗಿ ಹೋದಮೇಲೆಯೂ ಆ ಜಾಗದಲ್ಲಿ ತಿಂಗಳುಗಟ್ಟಲೆ ನಿಲ್ಲುವ ಉರಿ, ಮುಖದ ಒಂದು ಪಕ್ಕದಲ್ಲಿ ಮಿಂಚು ಹೊಡೆದಂತೆ ಬರುವ ವೇದನೆ, ಮಧುಮೇಹಿಗಳ ಅಂಗಾಲಿನ ಉರಿ ಇವೆಲ್ಲ ಈ ಜಾತಿಗೆ ಸೇರಿದವು.

ಇವುಗಳಲ್ಲಿ ಕೊನೆಯದು ಭಾರತದಲ್ಲಿ ಮನೆಮನೆಯ ಮಾತಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ಈ ದೇಶದಲ್ಲಿ ಸುಮಾರು ೧೦.೧ ಕೋಟಿ ಮಧುಮೇಹಿಗಳಿರುವರೆಂದು ಲೆಕ್ಕಹಾಕಿತು. ಅವರಲ್ಲಿ ಎಲ್ಲರಿಗೂ ನರವೇದನೆ ಬರುವುದಿಲ್ಲ. ಬಂದವರಿಗೆ ಅದು ಬಹುಮಟ್ಟಿಗೆ ಕಾಲಿನಿಂದ ಆರಂಭವಾಗುತ್ತದೆ. ಶರೀರದಲ್ಲಿ ಅತಿ ಉದ್ದವಾದ ನರಗಳು ಕಾಲಿಗೆ ಹೋಗುವ ನರಗಳಾದುದರಿಂದ ಅವುಗಳ ತುದಿಗಳೇ ಮೊದಲು ಕೆಡುತ್ತವೆ. ಅಂಗಾಲು ಕಾದ ಕಾವಲಿಯ ಮೇಲಿಟ್ಟಂತೆ ಉರಿಯುತ್ತದೆ. ಹೊದಿಕೆಯ ಅಂಚು ತಗಲಿದರೂ ಸಹಿಸಲಾಗುವುದಿಲ್ಲ. ಹಗಲು ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದುದು ರಾತ್ರಿ ಮಲಗಿದೊಡನೆ ಎದ್ದು ಕುಳಿತುಕೊಳ್ಳುತ್ತದೆ. ವಿಚಿತ್ರವೇನೆಂದರೆ, ಇಲ್ಲದ ಬೆಂಕಿಯಿಂದ ಉರಿಯುವ ಇದೇ ಕಾಲು ನಿಜವಾದ ಮುಳ್ಳು ಚುಚ್ಚಿದಾಗ ಅರಿಯದೆ ಹೋಗುವುದೂ ಉಂಟು. ಜ್ವರಕ್ಕೂ ಮೈಕೈನೋವಿಗೂ ನುಂಗುವ ಸಾಮಾನ್ಯ ಮಾತ್ರೆಗಳು ಈ ವೇದನೆಯ ಮುಂದೆ ಹೆಚ್ಚೇನೂ ನಡೆಯುವುದಿಲ್ಲ.

ನಡೆಯತಕ್ಕ ಔಷಧಗಳ ಚರಿತ್ರೆಯು ಆಲೋಚನೆಗೆ ಅರ್ಹವಾದುದು. ಅವುಗಳಲ್ಲಿ ಹಲವು ಬೇರೆ ರೋಗಗಳ ಮದ್ದಾಗಿ ಬಳಕೆಗೆ ಬಂದು, ಆಮೇಲೆ ಇಲ್ಲಿಗೆ ಎರವಲಾಗಿ ಬಂದವು. ೧೯೬೧ರಲ್ಲಿ ಅಮೆರಿಕದಲ್ಲಿ ಅಂಗೀಕಾರ ಪಡೆದ ಅಮಿಟ್ರಿಪ್ಟಿಲಿನ್ ಮನಸ್ಸಿನ ಖಿನ್ನತೆಗೆ ಕೊಡುತ್ತಿದ್ದ ಮದ್ದು. ಖಿನ್ನತೆಗೆ ಬೇಕಾಗುವುದಕ್ಕಿಂತ ಬಹಳ ಕಡಮೆ ಪ್ರಮಾಣದಲ್ಲಿಯೇ, ರಾತ್ರಿ ೧೦ ಮಿಲಿಗ್ರಾಮಿನಿಂದ ಮೊದಲುಮಾಡಿ, ಅದನ್ನು ನರವೇದನೆಗೆ ಕೊಡುವುದು ರೂಢಿಯಾಯಿತು. ೧೯೯೩ರಲ್ಲಿ ಅಪಸ್ಮಾರಕ್ಕಾಗಿ ಅಂಗೀಕೃತವಾದ ಗ್ಯಾಬಪೆಂಟಿನ್ ೨೦೦೨ರಲ್ಲಿ ಸರ್ಪಸುತ್ತಿನ ಅನಂತರದ ವೇದನೆಗೂ ಅಂಗೀಕೃತವಾಯಿತು. ಅದರ ತಮ್ಮನೆನ್ನಬಹುದಾದ ಪ್ರೀಗ್ಯಾಬಲಿನ್ ಮತ್ತು ಖಿನ್ನತೆಯ ಮದ್ದಾದ ಡ್ಯುಲಾಕ್ಸೆಟಿನ್ ಇವೆರಡೂ ೨೦೦೪ರಲ್ಲಿ ಮಧುಮೇಹಿಗಳ ನರವೇದನೆಗೆ ಒಪ್ಪಿಗೆ ಪಡೆದವು. ಇವೆಲ್ಲ ಕೆಲಸಮಾಡುವುದು ಉರಿಯುವ ಅಂಗಾಲಿನಲ್ಲಲ್ಲ. ಉದ್ರೇಕಗೊಂಡ ನರಕೋಶಗಳನ್ನು ಬೆನ್ನುಹುರಿಯಲ್ಲಿಯೂ ಮಿದುಳಿನಲ್ಲಿಯೂ ಶಾಂತಗೊಳಿಸುವುದು, ಇಲ್ಲವೆ ವೇದನೆಯನ್ನು ತಡೆಯಲು ಮಿದುಳಿನಿಂದ ಕೆಳಕ್ಕೆ ಬರುವ ಸಹಜ ಶಕ್ತಿಯನ್ನು ಬಲಪಡಿಸುವುದು ಇವುಗಳ ಕ್ರಮ.

ಅಡ್ಡ ಪರಿಣಾಮಗಳ ಮೂಲವೂ ಇಲ್ಲಿಯೇ ಇದೆ. ಉರಿಯುವ ನರವನ್ನು ಮಾತ್ರ ಆರಿಸಿ ಶಾಂತಗೊಳಿಸುವ ಜಾಣತನ ಔಷಧಕ್ಕಿಲ್ಲ. ಕೂಗುವ ಕಾವಲುಗಾರನನ್ನು ಮಲಗಿಸಲು ಇಡೀ ಕೇರಿಗೆ ನಿದ್ರೆ ಬರಿಸಿದಂತೆ, ಅದು ಎಚ್ಚರವನ್ನೂ ಸಮತೋಲವನ್ನೂ ನೆನಪಿನ ಚುರುಕನ್ನೂ ಸ್ವಲ್ಪಮಟ್ಟಿಗೆ ಮಲಗಿಸುತ್ತದೆ. ಗ್ಯಾಬಪೆಂಟಿನ್ ಮತ್ತು ಪ್ರೀಗ್ಯಾಬಲಿನ್‌ಗಳಿಂದ ತಲೆತಿರುಗುವುದು, ತೂಕಡಿಕೆ, ಮಂಕು, ಕಾಲು ಊದಿಕೊಳ್ಳುವುದು, ಮೈತೂಕ ಏರುವುದು ಉಂಟು. ಅವು ಮೂತ್ರಪಿಂಡಗಳ ಮೂಲಕವೇ ಹೊರಕ್ಕೆ ಹೋಗುವುದರಿಂದ ಮೂತ್ರಪಿಂಡ ದುರ್ಬಲವಾದವರಲ್ಲಿ ಪ್ರಮಾಣವನ್ನು ತಗ್ಗಿಸದಿದ್ದರೆ ಶರೀರದಲ್ಲಿ ಕೂಡಿಕೊಳ್ಳುತ್ತವೆ. ಅಮಿಟ್ರಿಪ್ಟಿಲಿನ್‌ನಿಂದ ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು. ವೃದ್ಧರಲ್ಲಿ ಬುದ್ಧಿಗಲಿಬಿಲಿ, ಬೀಳುವ ಭಯ. ಹೃದಯದ ಬಡಿತದಲ್ಲಿ ಮೊದಲೇ ದೋಷವಿದ್ದವರಿಗೆ ಅಪಾಯ. ಡ್ಯುಲಾಕ್ಸೆಟಿನ್‌ನಿಂದ ಓಕರಿಕೆ. ಮೆಣಸಿನಕಾಯಿಯ ಖಾರದ ಸತ್ತ್ವವನ್ನು ಚರ್ಮದ ಮೇಲೆಯೇ ಅಂಟಿಸುವ ಪಟ್ಟಿಯೊಂದು ೨೦೨೦ರಲ್ಲಿ ಅಮೆರಿಕದಲ್ಲಿ ಮಧುಮೇಹಿಗಳ ಕಾಲುರಿಗೆ ಅಂಗೀಕೃತವಾಯಿತು. ಅದು ಮಿದುಳನ್ನು ಮುಟ್ಟುವುದಿಲ್ಲವೆಂಬುದು ನಿಜ. ಆದರೆ ಹಚ್ಚಿದಾಗ ಅದೂ ಉರಿಯಿಂದಲೇ ತನ್ನ ಬೆಲೆಯನ್ನು ತೆಗೆದುಕೊಳ್ಳುತ್ತದೆ. ಹೀಗೆ ಗುಣವೂ ದೋಷವೂ ಹೆಚ್ಚು ಕಡಮೆ ಒಂದೇ ಬೇರಿನ ಎರಡು ಕವಲುಗಳು. ಒಂದನ್ನು ಕಡಿದು ಮತ್ತೊಂದನ್ನು ಮಾತ್ರ ಬೆಳೆಸಿಕೊಳ್ಳುವ ಉಪಾಯ ಇಂದಿನವರೆಗೆ ಪೂರ್ಣವಾಗಿ ದೊರೆತಿಲ್ಲ.

ಇಷ್ಟು ಬೆಲೆಯನ್ನು ತೆತ್ತರೆ ದೊರೆಯುವುದೆಷ್ಟು? ೨೦೧೫ರಲ್ಲಿ 'ಲ್ಯಾನ್ಸೆಟ್ ನ್ಯೂರಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಪರಿಶೀಲನೆಯು ಅನೇಕ ಪರೀಕ್ಷೆಗಳ ಫಲಗಳನ್ನು ಒಟ್ಟುಗೂಡಿಸಿ ಇದಕ್ಕೆ ಲೆಕ್ಕವನ್ನು ಕೊಟ್ಟಿತು. ಹುಸಿಮಾತ್ರೆಯಿಂದ ದೊರೆಯುವ ಸಮಾಧಾನವನ್ನು ಕಳೆದು ನೋಡಿದರೆ, ಒಬ್ಬ ರೋಗಿಗೆ ನೋವು ಸುಮಾರು ಅರ್ಧದಷ್ಟು ಇಳಿಯಬೇಕಾದರೆ ಅಮಿಟ್ರಿಪ್ಟಿಲಿನ್ ವರ್ಗದ ಔಷಧವನ್ನು ಸರಾಸರಿ ೩.೬ ಜನಕ್ಕೂ, ಡ್ಯುಲಾಕ್ಸೆಟಿನ್ ವರ್ಗದ್ದನ್ನು ೬.೪ ಜನಕ್ಕೂ, ಪ್ರೀಗ್ಯಾಬಲಿನ್ನನ್ನು ೭.೭ ಜನಕ್ಕೂ ಕೊಡಬೇಕಾಗುತ್ತದೆಂದು ಅದು ತಿಳಿಸಿತು. ತೊಂದರೆ ತಾಳಲಾರದೆ ಔಷಧವನ್ನೇ ಬಿಡುವವರ ಲೆಕ್ಕವೂ ಅದರಲ್ಲಿದೆ: ಇದೇ ಕ್ರಮದಲ್ಲಿ ಸುಮಾರು ೧೩, ೧೨, ೧೪ ಜನರಿಗೆ ಒಬ್ಬರಂತೆ. ಈ ಅಂಕಿಗಳು ಹೇಳುವುದಿಷ್ಟು: ಇಲ್ಲಿ ಮಾರಾಟಕ್ಕಿರುವುದು ವಾಸಿಯಲ್ಲ, ಸಂಭವನೀಯವಾದ ಅರ್ಧ ಶಮನ. ಆ ಅರ್ಧವೂ ಯಾರಿಗೆ ದೊರೆಯುವುದೆಂಬುದು ನುಂಗಿ ನೋಡುವವರೆಗೆ ವೈದ್ಯನಿಗೂ ತಿಳಿಯದು, ರೋಗಿಗೂ ತಿಳಿಯದು.

ಇಂಥ ಸ್ಥಿತಿಯಲ್ಲಿ ಎರಡು ಸುಲಭವಾದ ಸಿದ್ಧಾಂತಗಳು ಮುಂದೆ ಬಂದು ನಿಲ್ಲುತ್ತವೆ. ಮೊದಲನೆಯದು ಸಹನೆಯ ಪಕ್ಷ. ನೋವನ್ನು ತಾಳುವುದೇ ಪೌರುಷ, ಮಾತ್ರೆಗೆ ಕೈಚಾಚುವುದು ದೌರ್ಬಲ್ಯ, ಬುದ್ಧಿಯನ್ನು ಮಸುಳಿಸುವ ಮದ್ದಿಗಿಂತ ಬುದ್ಧಿಯನ್ನು ಹರಿತಗೊಳಿಸುವ ದುಃಖವೇ ಮೇಲು ಎಂಬುದು ಅದರ ಮಾತು. ತಿತಿಕ್ಷೆಯನ್ನು ಗುಣವೆಂದು ಕೊಂಡಾಡಿದ ದೇಶದಲ್ಲಿ ಈ ಮಾತಿಗೆ ಗೌರವ ಸಲ್ಲುವುದು ಸಹಜ. ಆದರೆ ಇದರಲ್ಲಿ ಎರಡು ತಪ್ಪುಗಳಿವೆ. ತಾನಾಗಿ ಕೈಗೊಂಡ ವ್ರತದ ಕಷ್ಟಕ್ಕೂ ಕೇಳದೆ ಬಂದೆರಗಿದ ವೇದನೆಗೂ ಭೇದವುಂಟು. ಉಪವಾಸದವನು ಪಾರಣೆಯ ದಿನವನ್ನು ಬಲ್ಲನು. ನರವೇದನೆಗೆ ಪಾರಣೆಯ ದಿನವಿಲ್ಲ. ಇದು ಮೊದಲನೆಯ ತಪ್ಪು. ಎರಡನೆಯದು ಇನ್ನೂ ಮುಖ್ಯವಾದುದು: ಔಷಧವನ್ನು ಬಿಟ್ಟರೆ ಬುದ್ಧಿಯು ನಿರ್ಮಲವಾಗಿ ಉಳಿಯುತ್ತದೆಂಬ ಊಹೆ. ನೋವಿಗೂ ತನ್ನವೇ ಆದ ಅಡ್ಡ ಪರಿಣಾಮಗಳುಂಟು. ರಾತ್ರಿ ಎರಡು ಗಂಟೆಗೆ ಎದ್ದು ಕಾಲು ತಿಕ್ಕಿಕೊಳ್ಳುತ್ತ ಕುಳಿತವನ ಮನಸ್ಸು ಬೆಳಗ್ಗೆ ಹರಿತವಾಗಿರುವುದಿಲ್ಲ. ಅವನು ಮಕ್ಕಳ ಮೇಲೆ ಸಿಡುಕುತ್ತಾನೆ, ಹೊರಗೆ ನಡೆಯುವುದನ್ನು ಬಿಡುತ್ತಾನೆ, ಬಂದವರೊಡನೆ ಮಾತು ಬೇಡವಾಗುತ್ತದೆ, ಮೆಲ್ಲಮೆಲ್ಲಗೆ ಅವನ ಲೋಕವೆಲ್ಲ ಎರಡು ಅಂಗಾಲುಗಳಷ್ಟು ಕಿರಿದಾಗುತ್ತದೆ. ಔಷಧದ ಮಂಕನ್ನು ಒಂದು ತಟ್ಟೆಯಲ್ಲಿಟ್ಟು, ವೇದನೆಯ ಮಂಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತೂಗುವುದು ನ್ಯಾಯವಾದ ತೂಕವಲ್ಲ.

ಎರಡನೆಯದು ನಿವಾರಣೆಯ ಪಕ್ಷ. ನೋವು ಕೇಡು, ಆದುದರಿಂದ ಏನಾದರೂ ಸರಿಯೆ ಅದನ್ನು ಅಡಗಿಸತಕ್ಕದ್ದು. ಮಿಕ್ಕುದೆಲ್ಲ ಅಲ್ಪ ಎಂಬುದು ಅದರ ವಾದ. ಇದು ಕರುಣೆಯ ಮಾತಿನಂತೆ ಕೇಳಿಸುತ್ತದೆ. ಎಷ್ಟೋ ವೇಳೆ ಕರುಣೆಯೇ ಆಗಿರುತ್ತದೆ. ಆದರೆ ಮನುಷ್ಯನು ನೋವಿಲ್ಲದಿರಲಿ ಎಂದು ಮಾತ್ರ ಬದುಕುವುದಿಲ್ಲ. ಏನನ್ನೋ ಮಾಡಬೇಕೆಂದು, ಯಾರೊಡನೆಯೋ ಇರಬೇಕೆಂದು ಬದುಕುತ್ತಾನೆ. ನೋವನ್ನು ಕಳೆಯಬೇಕೆಂಬುದು ಆ ಬಾಳಿಗೋಸ್ಕರ. ಬಾಳನ್ನೇ ತೆತ್ತು ನೋವನ್ನು ಕಳೆದುಕೊಂಡರೆ ಮೂಗಿಗಿಂತ ಮೂಗುತಿ ಭಾರವಾಯಿತೆಂದೇ ಹೇಳಬೇಕು. ಒಂದು ರೋಗವನ್ನು ಶಮನಮಾಡಿ ಮತ್ತೊಂದನ್ನು ಎಬ್ಬಿಸುವ ಪ್ರಯೋಗವು ಶುದ್ಧವಾದ ಚಿಕಿತ್ಸೆಯಲ್ಲ ಎಂಬ ಅಭಿಪ್ರಾಯವು ಚರಕಸಂಹಿತೆಯ ನಿದಾನಸ್ಥಾನದಲ್ಲಿಯೇ ಇದೆ. ಆ ಅಳತೆಯನ್ನು ಅಕ್ಷರಶಃ ಹಿಡಿದರೆ ನರವೇದನೆಗೆ ಶುದ್ಧ ಚಿಕಿತ್ಸೆಯೇ ಇಲ್ಲವೆನ್ನಬೇಕಾದೀತು. ಆದರೆ ಅದೇ ಗ್ರಂಥವು, ಯುಕ್ತಿಯಿಂದ ಬಳಸಿದರೆ ತೀಕ್ಷ್ಣವಾದ ವಿಷವೂ ಉತ್ತಮ ಔಷಧವಾಗುವುದೆಂದೂ, ಯುಕ್ತಿಯಿಲ್ಲದೆ ಬಳಸಿದರೆ ಔಷಧವೇ ವಿಷವಾಗುವುದೆಂದೂ ತನ್ನ ಮೊದಲ ಅಧ್ಯಾಯದಲ್ಲಿ ಹೇಳುತ್ತದೆ. ಆದುದರಿಂದ ಉಳಿಯುವ ಪ್ರಶ್ನೆ ಔಷಧ ಬೇಕೆ ಬೇಡವೆ ಎಂಬುದಲ್ಲ, ಯುಕ್ತಿಯೆಂದರೇನು ಎಂಬುದು.

ಈ ಯುಕ್ತಿಯು ಔಷಧದ ಗುಣವನ್ನು ಮಾತ್ರ ಅವಲಂಬಿಸಿಲ್ಲವೆಂಬುದಕ್ಕೆ ೨೦೨೨ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪರೀಕ್ಷೆಯೊಂದು ಸಾಕ್ಷಿಯಾಗಿದೆ. ಶೆಫೀಲ್ಡಿನ ವೈದ್ಯರ ನೇತೃತ್ವದಲ್ಲಿ ೧೩೦ ಮಂದಿ ಮಧುಮೇಹಿಗಳಿಗೆ ಅಮಿಟ್ರಿಪ್ಟಿಲಿನ್, ಡ್ಯುಲಾಕ್ಸೆಟಿನ್, ಪ್ರೀಗ್ಯಾಬಲಿನ್ ಇವುಗಳಲ್ಲಿ ಒಂದೊಂದರಿಂದ ಚಿಕಿತ್ಸೆಯನ್ನು ಆರಂಭಿಸಿ, ಸಾಲದಾದಾಗ ಇನ್ನೊಂದನ್ನು ಸೇರಿಸಿ ನೋಡಲಾಯಿತು. ಹತ್ತರ ಅಳತೆಯಲ್ಲಿ ೬.೬ ಇದ್ದ ನೋವು ಮೂರು ದಾರಿಗಳಲ್ಲಿಯೂ ೧೬ ವಾರಗಳಲ್ಲಿ ಸುಮಾರು ೩.೩ಕ್ಕೆ ಇಳಿಯಿತು. ಉಪಶಮನ ಸಮಾನ, ತೊಂದರೆಗಳು ಮಾತ್ರ ಬೇರೆ ಬೇರೆ. ಮೊದಲನೆಯದರಲ್ಲಿ ಬಾಯಿ ಒಣಗುವುದು, ಎರಡನೆಯದರಲ್ಲಿ ಓಕರಿಕೆ, ಮೂರನೆಯದರಲ್ಲಿ ತಲೆತಿರುಗು ಹೆಚ್ಚು. ಹಾಗಾದಮೇಲೆ ಆಯ್ಕೆಯನ್ನು ನಿರ್ಣಯಿಸತಕ್ಕದ್ದು ಯಾವ ಮದ್ದು ಹೆಚ್ಚು ಬಲವಾದುದು ಎಂಬುದಲ್ಲ, ಯಾವ ತೊಂದರೆಯು ಯಾರ ಬಾಳಿಗೆ ಹಗುರ ಎಂಬುದು. ತಲೆತಿರುಗುವುದು ಕುಳಿತು ಲೆಕ್ಕ ಬರೆಯುವವನಿಗೆ ಒಂದು ಕಿರುಕುಳ; ಬಸ್ಸು ನಡೆಸುವವನಿಗೂ ತೆಂಗಿನ ಮರ ಹತ್ತುವವನಿಗೂ ಅದು ಪ್ರಾಣದ ಪ್ರಶ್ನೆ. ಬಾಯಿ ಒಣಗುವುದನ್ನು ಒಬ್ಬರು ಗುಟುಕು ನೀರಿನಿಂದ ಕಳೆದಾರು. ಹಾಡಿ ಜೀವಿಸುವವರಿಗೆ ಅದು ಅನ್ನವನ್ನೇ ಕಳೆದೀತು. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಮುದುಕನಿಗೆ ಮೂತ್ರ ಕಟ್ಟಿಸುವ ಮದ್ದು ಸಲ್ಲದು. ವೇದನೆಯ ಹೆಸರು ಒಂದೇ ಆದರೂ ತಕ್ಕಡಿಗಳು ಮನೆಮನೆಗೆ ಬೇರೆಯಾಗುತ್ತವೆ.

ಹಾಗಾದರೆ ತಕ್ಕಡಿಯನ್ನು ಹಿಡಿಯತಕ್ಕವರು ಯಾರು? ವೈದ್ಯನು ಸಂಭವಗಳನ್ನು ಬಲ್ಲನು. ಆದರೆ ಉರಿಯನ್ನು ಅರಿಯನು. ನೋವನ್ನು ಅಳೆಯುವ ಯಂತ್ರವಿಲ್ಲ. ೧೯೭೯ರಲ್ಲಿ ನೋವಿನ ಲಕ್ಷಣವನ್ನು ನಿರೂಪಿಸಿದ್ದ ಅಂತರರಾಷ್ಟ್ರೀಯ ವೇದನಾಧ್ಯಯನ ಸಂಘವು ೨೦೨೦ರಲ್ಲಿ ಅದನ್ನು ತಿದ್ದಿದಾಗ, ತನಗೆ ನೋವಾಗುತ್ತಿದೆಯೆಂದು ಒಬ್ಬನು ಹೇಳುವ ಮಾತನ್ನು ಗೌರವಿಸತಕ್ಕದ್ದೆಂಬ ಟಿಪ್ಪಣಿಯನ್ನು ಸೇರಿಸಿತು. ಆದುದರಿಂದ ನಿರ್ಣಯವು ರೋಗಿಯದೇ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಬಹುಮಟ್ಟಿಗೆ ಅದು ಸರಿಯೂ ಹೌದು. ಆದರೆ ಇಲ್ಲಿ ಒಂದು ಗಂಟು ಇದೆ. ಅದನ್ನು ಒಂದು ದೃಷ್ಟಾಂತದಿಂದ ಬಿಡಿಸಿ ನೋಡಬಹುದು.

ಒಂದು ಸಣ್ಣ ಊರಿನಲ್ಲಿ ನಿವೃತ್ತರಾದ ಉಪಾಧ್ಯಾಯರೊಬ್ಬರು ಇದ್ದಾರೆಂದು ಕಲ್ಪಿಸಿಕೊಳ್ಳಬಹುದು. ಶನಿವಾರದ ಸಂಜೆ ದೇವಸ್ಥಾನದ ಮಂಟಪದಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುತ್ತದೆ; ಗಮಕಿಯೊಬ್ಬರು ಹಾಡುತ್ತಾರೆ, ಉಪಾಧ್ಯಾಯರು ವ್ಯಾಖ್ಯಾನ ಮಾಡುತ್ತಾರೆ. ಮಧುಮೇಹ ಬಂದು ಹದಿನೈದು ವರ್ಷಗಳಾಗಿ, ಎರಡು ವರ್ಷಗಳಿಂದ ಅಂಗಾಲಿನ ಉರಿ ನಿದ್ರೆಯನ್ನು ಕೆಡಿಸಿದೆ. ವೈದ್ಯರು ಪ್ರೀಗ್ಯಾಬಲಿನ್ ಕೊಟ್ಟು ಕ್ರಮವಾಗಿ ಏರಿಸುತ್ತಾರೆ. ತಿಂಗಳಾದಮೇಲೆ ಉಪಾಧ್ಯಾಯರು ಸಂತೋಷದಿಂದಲೇ, "ಪರವಾಗಿಲ್ಲ ಡಾಕ್ಟರೆ, ಉರಿ ಅರ್ಧಕ್ಕೆ ಇಳಿದಿದೆ. ಬೇರೆ ತೊಂದರೆ ಏನೂ ಇಲ್ಲ" ಎನ್ನುತ್ತಾರೆ. ಜೊತೆಯಲ್ಲಿ ಬಂದಿರುವ ಅವರ ಪತ್ನಿ ಸ್ವಲ್ಪ ಹಿಂಜರಿದು, "ಉರಿ ಕಡಮೆಯಾಗಿರುವುದು ನಿಜ. ಆದರೆ ಇವರು ಮೊದಲಿನ ಹಾಗಿಲ್ಲ. ಕೇಳಿದ ಮಾತಿಗೆ ಉತ್ತರ ಬರುವಷ್ಟರಲ್ಲಿ ಅನ್ನ ಆರಿಹೋಗುತ್ತದೆ. ಹೋದ ಶನಿವಾರ ಪದ್ಯದ ನಡುವೆ ಅರ್ಥ ಹೇಳುತ್ತಾ ನಿಂತುಬಿಟ್ಟರು, ಗಮಕಿಗಳೇ ಮುಂದಿನ ಪದ್ಯ ಎತ್ತಿಕೊಂಡರು" ಎನ್ನುತ್ತಾರೆ. ಉಪಾಧ್ಯಾಯರಿಗೆ ಆಶ್ಚರ್ಯ. ತಾವು ನಿಂತುದು ಅವರಿಗೆ ನೆನಪಿದೆ. ಅದು ಕೇಳುವವರಿಗೆ ಅಷ್ಟು ಹೊತ್ತಾಗಿ ಕಂಡಿತೆಂಬುದು ತಿಳಿದಿರಲಿಲ್ಲ.

ಇದೇ ಆ ಗಂಟು. ತಕ್ಕಡಿಯ ಎರಡು ತಟ್ಟೆಗಳು ಒಂದೇ ಕಣ್ಣಿಗೆ ಕಾಣುವುದಿಲ್ಲ. ನೋವು ಒಳಗಿನಿಂದ ಮಾತ್ರ ಕಾಣುತ್ತದೆ. ಔಷಧದ ಮಂಕು ಅನೇಕವೇಳೆ ಹೊರಗಿನಿಂದ ಮಾತ್ರ ಕಾಣುತ್ತದೆ. ಯಾವ ಬುದ್ಧಿಯಿಂದ ಮಂಕನ್ನು ಅಳೆಯಬೇಕೋ ಆ ಬುದ್ಧಿಗೇ ಮಂಕು ಹಿಡಿದಿರುವುದರಿಂದ ರೋಗಿಯು ಅದಕ್ಕೆ ಸಾಕ್ಷಿ ಹೇಳಲಾರನು. ಮತ್ತೆ, ನೋವು ಮತ್ತೊಬ್ಬರ ಶರೀರದಲ್ಲಿ ಇಲ್ಲದಿರುವುದರಿಂದ ಹೆಂಡತಿ ಮಕ್ಕಳು ಅದಕ್ಕೆ ಸಾಕ್ಷಿ ಹೇಳಲಾರರು. ರೋಗಿಯೊಬ್ಬನೇ ತೂಗಿದರೆ ಮಂಕಿನ ತಟ್ಟೆ ಹಗುರವಾಗಿ ಕಾಣುತ್ತದೆ. ಮನೆಯವರೇ ತೂಗಿದರೆ ನೋವಿನ ತಟ್ಟೆ ಹಗುರವಾಗಿ ಕಾಣುತ್ತದೆ. ಪ್ರತಿಯೊಬ್ಬನೂ ತನ್ನ ಒಳಿತಿಗೆ ತಾನೇ ಸಾಕಾದ ನ್ಯಾಯಾಧೀಶನೆಂಬ ಸಿದ್ಧಾಂತವು ಇಲ್ಲಿ ಪೂರ್ತಿಯಾಗಿ ಸಲ್ಲುವುದಿಲ್ಲ. ದೊಡ್ಡವರು ಹೇಳಿದಂತೆ ಕೇಳಿದರೆ ಸಾಕೆಂಬ ಸಿದ್ಧಾಂತವೂ ಸಲ್ಲುವುದಿಲ್ಲ.

ಆದರೆ ಸಾಕ್ಷಿಯೇ ಬೇರೆ, ನ್ಯಾಯಾಧೀಶನೇ ಬೇರೆ ಎಂಬುದನ್ನು ಮರೆಯಬಾರದು. ಮನೆಯವರ ಮಾತಿನಲ್ಲಿ ಸ್ವಂತ ಅನುಕೂಲವೂ ಸೇರಿಕೊಳ್ಳುವುದುಂಟು. ರಾತ್ರಿಯೆಲ್ಲ ನರಳುವ ಮುದುಕಿಗಿಂತ ಮೂಲೆಯಲ್ಲಿ ತೂಕಡಿಸುತ್ತಿರುವ ಮುದುಕಿ ಮನೆಗೆ ಹಗುರ. "ಈಗ ಅಜ್ಜಿ ಸುಮ್ಮನಿದ್ದಾರೆ, ಗುಣವಾಗಿದೆ" ಎಂದು ಹೇಳುವವರು ಗುಣವಾದುದು ಯಾರಿಗೆಂಬುದನ್ನು ವಿಚಾರಿಸಬೇಕು. ವೈದ್ಯನಿಗೂ ಅಂಥ ಪ್ರಲೋಭನವಿಲ್ಲದಿಲ್ಲ. ದೂರು ನಿಂತಿತೆಂದರೆ ಚಿಕಿತ್ಸೆ ಫಲಿಸಿತೆಂದು ತಿಳಿಯುವುದು ಸುಲಭ. ಆದುದರಿಂದ ಹೊರಗಿನವರು ತಾವು ಕಂಡುದನ್ನು ರೋಗಿಯ ಮುಂದೆಯೇ ಹೇಳಬೇಕು, ಅವನ ಬೆನ್ನ ಹಿಂದೆ ನಿರ್ಣಯಿಸಬಾರದು. ಕಾಣದಿದ್ದ ತಟ್ಟೆಯನ್ನು ಅವನಿಗೆ ತೋರಿಸಿಕೊಟ್ಟಮೇಲೆ ತೂಕವನ್ನು ಓದತಕ್ಕವನು ಅವನೇ. ಮೇಲಿನ ದೃಷ್ಟಾಂತದ ಉಪಾಧ್ಯಾಯರು ಪತ್ನಿಯ ಮಾತನ್ನು ಕೇಳಿದಮೇಲೆಯೂ, "ಶನಿವಾರದ ವ್ಯಾಖ್ಯಾನ ಹೋದರೂ ಚಿಂತೆಯಿಲ್ಲ, ನನಗೆ ನಿದ್ರೆ ಬೇಕು" ಎಂದಿದ್ದರೆ, ಅದನ್ನು ತಪ್ಪೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಇಂಥ ತೂಕವು ಒಮ್ಮೆ ಮಾಡಿ ಮುಗಿಸತಕ್ಕದ್ದಲ್ಲ. ಮೊದಲ ವಾರಗಳ ತೂಕಡಿಕೆ ಕೆಲವರಲ್ಲಿ ತಾನಾಗಿ ಇಳಿಯುತ್ತದೆ. ಮೊದಲ ತಿಂಗಳ ಉಪಶಮನವು ಆಮೇಲೆ ಕುಗ್ಗುವುದೂ ಉಂಟು. ಆದುದರಿಂದ ವಿವೇಕಿಗಳು ಇದನ್ನು ತೀರ್ಪೆಂದು ಭಾವಿಸದೆ ಪರೀಕ್ಷೆಯೆಂದು ಭಾವಿಸುತ್ತಾರೆ. ಔಷಧವನ್ನು ಆರಂಭಿಸುವ ಮೊದಲೇ, ಇದರಿಂದ ಏನು ಹಿಂದಕ್ಕೆ ದೊರೆಯಬೇಕೆಂಬುದನ್ನು ಹೆಸರಿಟ್ಟು ಹೇಳಿಕೊಳ್ಳುವುದು ಒಳ್ಳೆಯದು. "ನೋವು ಹೋಗಬೇಕು" ಎಂಬುದು ಅಳೆಯಲಾಗದ ಮಾತು. "ರಾತ್ರಿ ಐದು ಗಂಟೆ ನಿದ್ರೆ ಬರಬೇಕು, ಸಂತೆಯವರೆಗೆ ನಡೆದು ಬರಬೇಕು" ಎಂಬುದು ಅಳೆಯಬಹುದಾದ ಮಾತು. ಅಂತೆಯೇ ಯಾವ ತೊಂದರೆ ಬಂದರೆ ನಿಲ್ಲಿಸಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಸ್ವಲ್ಪದಿಂದ ಆರಂಭಿಸಿ ಮೆಲ್ಲಗೆ ಏರಿಸಬೇಕು. ಬಿಡುವಾಗಲೂ ವೈದ್ಯರ ಸಲಹೆಯಂತೆ ಮೆಲ್ಲಗೆ ಇಳಿಸಬೇಕು. ಈ ಔಷಧಗಳನ್ನು ಥಟ್ಟನೆ ನಿಲ್ಲಿಸುವುದರಿಂದಲೂ ತೊಂದರೆಯುಂಟು.

ತೊಂದರೆಗಳಲ್ಲಿಯೂ ಎರಡು ಬಗೆಗಳನ್ನು ವಿಂಗಡಿಸಬೇಕು. ಬಾಯಿ ಒಣಗುವುದು, ಓಕರಿಕೆ, ತೂಕಡಿಕೆ ಇವು ಔಷಧವನ್ನು ಇಳಿಸಿದರೆ ಇಳಿಯುವಂಥವು. ಇವುಗಳಿಗೆ ಹೆದರಿ ಪರೀಕ್ಷೆಯನ್ನೇ ಮಾಡದಿರುವುದು ಅತಿಯಾದ ಅಂಜಿಕೆ. ಮುದುಕರು ರಾತ್ರಿ ಎದ್ದಾಗ ತಲೆತಿರುಗಿ ಬಿದ್ದು ತೊಡೆಯ ಮೂಳೆ ಮುರಿಯುವುದು, ಹೃದಯದ ಬಡಿತ ತಪ್ಪುವುದು ಇವು ಔಷಧವನ್ನು ನಿಲ್ಲಿಸಿದಮಾತ್ರಕ್ಕೆ ಹಿಂದಕ್ಕೆ ಹೋಗುವಂಥವಲ್ಲ. ಅಫೀಮಿನ ವರ್ಗದ ಔಷಧಗಳೊಡನೆ ಗ್ಯಾಬಪೆಂಟಿನ್ ಅಥವಾ ಪ್ರೀಗ್ಯಾಬಲಿನ್ ಸೇರಿದಾಗ ಉಸಿರಾಟವೇ ಕುಗ್ಗಬಹುದೆಂದು ಅಮೆರಿಕದ ಔಷಧಾಧಿಕಾರಿಗಳು ೨೦೧೯ರಲ್ಲಿ ಎಚ್ಚರಿಸಿದರು. ದುರ್ಬಳಕೆಯ ಭಯದಿಂದ ಬ್ರಿಟನ್ನಿನಲ್ಲಿ ಅದೇ ವರ್ಷ ಇವೆರಡನ್ನೂ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಲಾಯಿತು. ಹಿಂದಿರುಗಬಹುದಾದ ಕೆಡುಕಿನ ಮುಂದೆ ಧೈರ್ಯ, ಹಿಂದಿರುಗಲಾರದ ಕೆಡುಕಿನ ಮುಂದೆ ಎಚ್ಚರ. ಇವೆರಡನ್ನು ಅದಲುಬದಲು ಮಾಡುವುದರಿಂದಲೇ ಅನೇಕ ಅನರ್ಥಗಳಾಗುತ್ತವೆ.

ಈ ಕೆಡುಕುಗಳನ್ನೆಲ್ಲ ರೋಗಿಗೆ ಹೇಳಬೇಕೆ ಎಂಬುದೂ ಒಂದು ಸಂದೇಹ. ತೊಂದರೆ ಬರುವುದೆಂದು ಕೇಳಿದವರಲ್ಲಿ, ಹುಸಿಮಾತ್ರೆಯನ್ನು ನುಂಗಿದರೂ ಆ ತೊಂದರೆ ಕಾಣಿಸಿಕೊಳ್ಳುವುದುಂಟೆಂಬುದು ಪರೀಕ್ಷೆಗಳಿಂದ ತಿಳಿದ ವಿಷಯ. ಹಾಗೆಂದು ಮುಚ್ಚಿಡುವುದು ವಂಚನೆ. ತೂಗಬೇಕಾದವನ ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಉದ್ದವಾದ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಓದಿ ಕೈತೊಳೆದುಕೊಳ್ಳುವುದೂ ಸತ್ಯವನ್ನು ಹೇಳಿದಂತಲ್ಲ. ಯಾವುದು ಸಾಮಾನ್ಯ, ಯಾವುದು ಅಪರೂಪ, ಯಾವುದು ಇಳಿಯುವಂಥದು, ಯಾವುದು ಕಂಡೊಡನೆ ಬರಬೇಕಾದುದು ಎಂದು ವಿಂಗಡಿಸಿ ಹೇಳುವುದೇ ಸತ್ಯ. ಅದಕ್ಕೆ ಸಮಯ ಬೇಕು. ಬಾಗಿಲಲ್ಲಿ ನೂರು ಜನ ಕಾದಿರುವಾಗ ವೈದ್ಯನಿಗೆ ಆ ಸಮಯವಿರುವುದಿಲ್ಲ. ಮತ್ತೊಮ್ಮೆ ಬಂದು ತೋರಿಸಲು ಒಂದು ದಿನದ ಕೂಲಿಯನ್ನು ಬಿಡಬೇಕಾದವನಿಗೂ ಇರುವುದಿಲ್ಲ. ತೂಕಡಿಕೆಯನ್ನು ಒಂದು ತಿಂಗಳು ಪರೀಕ್ಷಿಸಿ ನೋಡುವ ಬಿಡುವು ನಿವೃತ್ತಿವೇತನವುಳ್ಳವರಿಗೆ ಉಂಟು, ಬಸ್ಸು ನಡೆಸುವವನಿಗೆ ಇಲ್ಲ. ಆಯ್ಕೆಯ ಸ್ವಾತಂತ್ರ್ಯವನ್ನು ಕೊಂಡಾಡುವ ಸಮಾಜವು ಆಯ್ದುಕೊಳ್ಳಲು ಬೇಕಾದ ಬಿಡುವನ್ನೂ ಒದಗಿಸದಿದ್ದರೆ, ಅದು ಕೊಟ್ಟುದು ಹೆಸರಿಗೆ ಮಾತ್ರ ಸ್ವಾತಂತ್ರ್ಯ.

ಎಷ್ಟು ಯುಕ್ತಿಯಿಂದ ನಡೆದರೂ ಕೊನೆಗೆ ನೋವಿನ ಒಂದು ಪಾಲು ಉಳಿಯುತ್ತದೆ. ಅರ್ಧ ಇಳಿದರೆ ಅರ್ಧ ನಿಂತಿತೆಂದೇ ಅರ್ಥವಷ್ಟೆ. ತಿತಿಕ್ಷೆಗೆ ನಿಜವಾದ ಸ್ಥಾನವು ಇಲ್ಲಿ. ಔಷಧದ ಬದಲಿಗೆ ಬರುವ ಸಹನೆ ಹಟವಾಗಬಹುದು. ಔಷಧವು ತನ್ನ ಪಾಲಿನ ಕೆಲಸವನ್ನು ಮಾಡಿದಮೇಲೆ ಉಳಿದುದನ್ನು ತಾಳುವ ಸಹನೆ ವಿವೇಕ. ಮೇಲೆ ಕಲ್ಪಿಸಿಕೊಂಡ ಉಪಾಧ್ಯಾಯರು ವೈದ್ಯರೊಡನೆ ಮಾತನಾಡಿ, ಹಗಲಿನ ಮಾತ್ರೆಯನ್ನು ಮೆಲ್ಲಗೆ ಬಿಟ್ಟು ರಾತ್ರಿಯದನ್ನು ಮಾತ್ರ ಉಳಿಸಿಕೊಂಡರೆಂದು ಇಟ್ಟುಕೊಳ್ಳಬಹುದು. ನಡುರಾತ್ರಿಯವರೆಗಾದರೂ ನಿದ್ರೆ ಬರುತ್ತದೆ. ಸಂಜೆಯ ಹೊತ್ತಿಗೆ ಕಾಲು ಮತ್ತೆ ಉರಿಯತೊಡಗುತ್ತದೆ. ಶನಿವಾರ ಮಂಟಪದಲ್ಲಿ ಕುಳಿತಾಗ ಅವರು ಎರಡು ಮೂರು ಸಲ ಕಾಲನ್ನು ಮಗ್ಗುಲು ಬದಲಿಸುತ್ತಾರೆ. ಪದ್ಯದ ಅರ್ಥ ಮಾತ್ರ ನ��ುವೆ ನಿಲ್ಲುವುದಿಲ್ಲ. ಅದೇ ಬೀದಿಯಲ್ಲಿ ಅದೇ ಉರಿಯುಳ್ಳ ಇನ್ನೊಬ್ಬರು, ತಮಗೆ ಮಾತಿನ ಚುರುಕಿಗಿಂತ ಮೊಮ್ಮಗನೊಡನೆ ಕೆರೆಯ ಏರಿಯವರೆಗೆ ನಡೆಯುವುದು ದೊಡ್ಡದೆಂದು ಪೂರ್ಣಪ್ರಮಾಣವನ್ನೇ ತೆಗೆದುಕೊಳ್ಳಬಹುದು. ಇಬ್ಬರ ನಿರ್ಣಯವೂ ಬೇರೆ; ಇಬ್ಬರೂ ಎರಡು ತಟ್ಟೆಗಳನ್ನೂ ನೋಡಿ ತೂಗಿದವರಾದರೆ ಇಬ್ಬರ ನಿರ್ಣಯವೂ ಸರಿ.